ಚೆಂಡು ಹೊತ್ತು ಓಡುವವನ ಬೆಲೆ

1925ನೆಯ ಇಸವಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಟಿಮ್ ಮಾರಾ ಎಂಬೊಬ್ಬ ಸಾಹಸಿಗನಿದ್ದ. ಕುದುರೆಯೋಟದಲ್ಲಿ ಬಾಜಿ ಕಟ್ಟಿಸಿಕೊಳ್ಳುವುದು ಆತನ ಕಸುಬು. ಅಲ್ಲಿನ ಅಂದಿನ ಕಾನೂನು ಅದನ್ನು ಒಪ್ಪಿತ್ತು. ಆ ವರ್ಷ ಆತ 500 ಡಾಲರು ತೆತ್ತು ಒಂದು ಹೊಸ ಫುಟ್‌ಬಾಲ್ ತಂಡದ ಒಡೆತನವನ್ನು ಕೊಂಡ. ತಂಡಕ್ಕೆ ನ್ಯೂಯಾರ್ಕ್ ಜಯಂಟ್ಸ್ ಎಂದು ಹೆಸರಾಯಿತು. ಹೆಸರೇನೋ ದೊಡ್ಡದು, ನೋಡಲು ಬರುವವರು ಮಾತ್ರ ವಿರಳ. ಕಾಲೇಜು ಹುಡುಗರ ಆಟಕ್ಕೆ ಊರಿಗೆ ಊರೇ ನೆರೆಯುತ್ತಿದ್ದ ಆ ಕಾಲದಲ್ಲಿ, ಕೂಲಿಗಾಗಿ ಆಡುವ ಫುಟ್‌ಬಾಲನ್ನು ಕಂಡು ಸಭ್ಯರು ಮೂಗು ಮುರಿಯುತ್ತಿದ್ದರು. ಮಾರಾನ ಸಾಲ ಬೆಳೆಯುತ್ತಲೇ ಹೋಯಿತು. ಹೀಗಿರುವಾಗ ಡಿಸೆಂಬರ್ 6ರ ಭಾನುವಾರ ಪೋಲೊ ಗ್ರೌಂಡ್ಸ್ ಎಂಬ ಕ್ರೀಡಾಂಗಣಕ್ಕೆ ಸುಮಾರು 70,000 ಜನ ನುಗ್ಗಿ ಬಂದರು. ಅವರು ಬಂದದ್ದು ಮಾರಾನ ತಂಡವನ್ನು ನೋಡಲಿಕ್ಕಲ್ಲ. ಎದುರಾಳಿ ಶಿಕಾಗೊ ಬೇರ್ಸ್ ತಂಡದ ಒಬ್ಬ ಯುವಕನನ್ನು ನೋಡಲಿಕ್ಕೆ. ಆತನ ಹೆಸರು ರೆಡ್ ಗ್ರೇಂಜ್. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಆತ ಓಡುವ ಪರಿಗೆ ಪತ್ರಿಕೆಗಳವರು ‘ನಾಗಾಲೋಟದ ಭೂತ’ ಎಂಬ ಬಿರುದನ್ನೇ ಕೊಟ್ಟಿದ್ದರು. ಆ ಒಂದು ಮಧ್ಯಾಹ್ನದ ಟಿಕೆಟ್ಟಿನ ಹಣದಿಂದ ಮಾರಾನ ಸಾಲ ತೀರಿತು, ತಂಡ ಉಳಿಯಿತು, ವೃತ್ತಿಪರ ಫುಟ್‌ಬಾಲೂ ಬದುಕಿಕೊಂಡಿತೆಂದರೆ ಹೆಚ್ಚಿನ ಅತಿಶಯೋಕ್ತಿಯೇನಲ್ಲ.

ಅದಾಗಿ ಎರಡೇ ವರ್ಷಗಳಲ್ಲಿ, 1927ರಲ್ಲಿ, ಗ್ರೇಂಜ್‌ನ ಮೊಣಕಾಲಿಗೆ ಪೆಟ್ಟಾಯಿತು. ಮುಂದೆ ಕೆಲವು ವರ್ಷ ಆತ ಆಡಿದನಾದರೂ ಆ ಹಳೆಯ ಓಟ ಮರಳಿ ಬರಲಿಲ್ಲ.

ಈ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರು ಏಕೆ ಅಂಟಿಕೊಂಡಿತೆಂಬುದನ್ನು ಅಮೆರಿಕನ್ನರೇ ವಿವರಿಸಬೇಕು. ಕಾಲಿಗೂ ಚೆಂಡಿಗೂ ಅದರಲ್ಲಿರುವ ಸಂಬಂಧ ಅತ್ಯಲ್ಪ. ಅದು ನೆಲವನ್ನು ಗೆಲ್ಲುವ ಆಟ. ಎರಡೂ ಕಡೆ ಹನ್ನೊಂದು ಹನ್ನೊಂದು ಮಂದಿ. ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷಕ್ಕೆ ನಾಲ್ಕು ಅವಕಾಶಗಳು. ಅಷ್ಟರೊಳಗೆ ಹತ್ತು ಗಜ ಮುನ್ನಡೆದರೆ ಮತ್ತೆ ನಾಲ್ಕು ಅವಕಾಶಗಳು ದೊರೆಯುತ್ತವೆ, ಇಲ್ಲವಾದರೆ ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕು. ಪ್ರತಿಯೊಂದು ಅವಕಾಶದಲ್ಲಿಯೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಎಂಬ ನಾಯಕನ ಕೈಸೇರುತ್ತದೆ. ಅವನ ಮುಂದೆ ಎರಡು ದಾರಿ. ದೂರದಲ್ಲಿ ಓಡುತ್ತಿರುವ ತನ್ನವನೊಬ್ಬನಿಗೆ ಚೆಂಡನ್ನು ಗಾಳಿಯಲ್ಲಿ ಎಸೆಯಬಹುದು. ಅಥವಾ ಬೆನ್ನ ಹಿಂದೆ ನಿಂತಿರುವ ಓಟಗಾರನ ಹೊಟ್ಟೆಗೆ ಚೆಂಡನ್ನು ಒತ್ತಿ ಕೊಡಬಹುದು. ಹಾಗೆ ಚೆಂಡನ್ನು ಹೊತ್ತು, ಮುಂಚೂಣಿಯ ಐವರು ದೈತ್ಯರು ತಮ್ಮ ಮೈಯಿಂದ ಸರಿಸಿಟ್ಟ ಗೇಣಗಲದ ಸಂದಿಯಲ್ಲಿ ನುಗ್ಗಿ, ಎದುರಿಂದ ಬಂದೆರಗುವವರ ಪೆಟ್ಟುಗಳನ್ನು ತಿನ್ನುತ್ತಾ ಬಿದ್ದಷ್ಟು ದೂರ ನೆಲ ಗೆಲ್ಲುವವನೇ ರನ್ನಿಂಗ್ ಬ್ಯಾಕ್. ಒಂದು ಆಟದಲ್ಲಿ ಇಪ್ಪತ್ತು ಸಲ ಚೆಂಡು ಹೊತ್ತರೆ ಇಪ್ಪತ್ತು ಸಲವೂ, ಬಹುಮಟ್ಟಿಗೆ, ಯಾರಾದರೂ ಆತನನ್ನು ನೆಲಕ್ಕೆ ಕೆಡಹಿಯೇ ತೀರುತ್ತಾರೆ. ಕೆಲಸದ ಸ್ವರೂಪವೇ ಅದು.

ಬಹುಕಾಲ ಆ ದೇಶದ ಬಾಲಕರೆಲ್ಲ ಆಗಬಯಸಿದ್ದು ಇಂಥ ಓಟಗಾರನೇ. 1957ರಿಂದ 1965ರವರೆಗೆ ಕ್ಲೀವ್‌ಲ್ಯಾಂಡ್ ತಂಡಕ್ಕೆ ಆಡಿದ ಜಿಮ್ ಬ್ರೌನ್ ಒಂಬತ್ತು ಋತುಗಳಲ್ಲಿ ಎಂಟು ಸಲ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ. ಒಮ್ಮೆಯೂ ಆಟ ತಪ್ಪಿಸಿದವನಲ್ಲ. ಒಟ್ಟು 12,312 ಗಜ; ಸಲಕ್ಕೆ ಸರಾಸರಿ 5.2 ಗಜ. 1966ರ ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಚಲನಚಿತ್ರದ ಕೆಲಸ ತಡವಾಗಿ, ಅಭ್ಯಾಸ ಶಿಬಿರಕ್ಕೆ ಬರದಿದ್ದ ಪ್ರತಿ ವಾರಕ್ಕೂ ದಂಡ ಹಾಕುವೆನೆಂದು ಒಡೆಯ ಬೆದರಿಸಿದಾಗ, ಆತ ದಂಡವನ್ನೂ ತೆರಲಿಲ್ಲ, ಶಿಬಿರಕ್ಕೂ ಹೋಗಲಿಲ್ಲ. ಆಟಕ್ಕೇ ವಿದಾಯ ಹೇಳಿಬಿಟ್ಟ. ಆಗ ಆತನಿಗೆ ಮೂವತ್ತು ವರ್ಷ. ಒಡೆಯನಿಗೆ ಹೀಗೆ ಬೆನ್ನು ತಿರುಗಿಸಿ ಹೋಗುವ ಠೀವಿ ಆ ಸ್ಥಾನದಲ್ಲಿದ್ದವರಿಗೆ ಆಗ ಸಲ್ಲುತ್ತಿತ್ತು. 1974ರ ಜನವರಿಯಲ್ಲಿ ನಡೆದ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಗೆದ್ದ ಮಯಾಮಿ ತಂಡದ ಕ್ವಾರ್ಟರ್‌ಬ್ಯಾಕ್ ಇಡೀ ಆಟದಲ್ಲಿ ಚೆಂಡನ್ನು ಎಸೆದದ್ದು ಏಳೇ ಸಲ! ಉಳಿದುದನ್ನೆಲ್ಲ ಓಟಗಾರರೇ ನೋಡಿಕೊಂಡರು. ಅವರಲ್ಲಿ ಲ್ಯಾರಿ ಝಾಂಕಾ ಎಂಬಾತ ಒಬ್ಬನೇ 33 ಸಲ ಚೆಂಡು ಹೊತ್ತು 145 ಗಜ ಗಳಿಸಿ ಆ ದಿನದ ಶ್ರೇಷ್ಠ ಆಟಗಾರನೆನಿಸಿದ.

ಈ ವೈಭವ ಯಾವಾಗ ಇಳಿಮುಖವಾಯಿತು? ಒಂದು ದಿನವನ್ನು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಆದರೆ ಒಂದು ವರ್ಷವನ್ನು ತೋರಿಸಬಹುದು. 1977ರ ಹೊತ್ತಿಗೆ ರಕ್ಷಣೆಯವರ ಕೈ ಮೇಲಾಗಿ, ಅಂಕಗಳು ಕುಸಿದು, ಆಟ ಸಪ್ಪೆಯಾಗಿತ್ತು. ದೂರದರ್ಶನದ ಎದುರು ಕುಳಿತ ಜನ ಆಕಳಿಸಿದರೆ ವ್ಯಾಪಾರ ನಡೆಯುವುದು ಹೇಗೆ? 1978ರಲ್ಲಿ ನಿಯಮಗಳನ್ನು ತಿದ್ದಿದರು. ಚೆಂಡು ಹಿಡಿಯಲು ಓಡುವವನನ್ನು ಐದು ಗಜದಾಚೆ ಯಾರೂ ತಡೆದು ನೂಕಬಾರದು; ಕ್ವಾರ್ಟರ್‌ಬ್ಯಾಕನ್ನು ಕಾಯುವವರು ತೋಳು ಚಾಚಿ ತೆರೆದ ಅಂಗೈಯಿಂದ ಎದುರಾಳಿಯನ್ನು ತಡೆಯಬಹುದು. ಈ ಎರಡು ತಿದ್ದುಪಡಿಗಳಲ್ಲಿ ಓಟಗಾರನ ಹೆಸರೇ ಇಲ್ಲ. ಆದರೂ ಆತನ ಅನ್ನದ ತಟ್ಟೆ ಅಂದೇ ಅಲುಗಿತು. ಎಸೆತ ಸುಲಭವಾಯಿತು, ಸುಲಭವಾದದ್ದು ಹೆಚ್ಚಾಯಿತು.

ಈ ಕಥೆಯಲ್ಲಿ ಅಷ್ಟಾಗಿ ಯಾರೂ ನೆನೆಯದ ಒಬ್ಬ ವ್ಯಕ್ತಿಯಿದ್ದಾನೆ. ಸಿನ್ಸಿನಾಟಿ ತಂಡದಲ್ಲಿ ವರ್ಜಿಲ್ ಕಾರ್ಟರ್ ಎಂಬ ಕ್ವಾರ್ಟರ್‌ಬ್ಯಾಕ್. ಈತನ ತೋಳಿನಲ್ಲಿ ಬಲ ಅಷ್ಟಕ್ಕಷ್ಟೆ. ಆದರೆ ಗುರಿ ಚೊಕ್ಕ. 1970ರ ಸುಮಾರಿನಲ್ಲಿ ಆ ತಂಡದ ಸಹಾಯಕ ತರಬೇತುದಾರನಾಗಿದ್ದ ಬಿಲ್ ವಾಲ್ಶ್ ಇವನ ಕೈಗೆ ಒಗ್ಗುವಂತೆ ಚಿಕ್ಕ ಚಿಕ್ಕ ಎಸೆತಗಳ ಒಂದು ಪದ್ಧತಿಯನ್ನು ಹೆಣೆದ. ಐದಾರು ಗಜದ ಎಸೆತಗಳಿಂದಲೇ ನೆಲವನ್ನು ಮೆಲ್ಲಮೆಲ್ಲನೆ ನುಂಗುತ್ತ ಹೋಗುವ ಈ ಪದ್ಧತಿ, ಅದುವರೆಗೆ ಓಟಗಾರನೊಬ್ಬನೇ ಮಾಡಬಹುದಾಗಿದ್ದ ಕೆಲಸವನ್ನು ಎಸೆತಕ್ಕೆ ವಹಿಸಿಬಿಟ್ಟಿತು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಾಲ್ಶ್ ಇದರಿಂದಲೇ ಮೂರು ಸೂಪರ್ ಬೌಲುಗಳನ್ನು ಗೆದ್ದ. ಇತ್ತ ಕಾರ್ಟರ್, ಆಡುತ್ತಲೇ ವ್ಯವಹಾರ ಶಾಸ್ತ್ರದ ಉನ್ನತ ವ್ಯಾಸಂಗ ಮಾಡುತ್ತಿದ್ದವನು, ರಾಬರ್ಟ್ ಮ್ಯಾಕಲ್ ಎಂಬ ಪ್ರಾಧ್ಯಾಪಕರ ಜೊತೆಗೂಡಿ 1971ರಲ್ಲಿ ಒಂದು ಗಣಿತದ ಲೇಖನ ಪ್ರಕಟಿಸಿದ. ಮೈದಾನದ ಯಾವ ಗೆರೆಯ ಮೇಲೆ ಚೆಂಡು ಇದ್ದರೆ ಆ ಪಕ್ಷಕ್ಕೆ ಸರಾಸರಿ ಎಷ್ಟು ಅಂಕ ಕೂಡುವ ನಿರೀಕ್ಷೆ ಉಂಟು ಎಂಬ ಲೆಕ್ಕ ಅದು. ಓಟವನ್ನು ಮೈದಾನದಲ್ಲಿ ಹಿಂದಿಕ್ಕಿದ ಪದ್ಧತಿ, ಅದನ್ನು ಕಾಗದದ ಮೇಲೆ ಹಿಂದಿಕ್ಕಿದ ಲೆಕ್ಕ, ಎರಡರ ಹುಟ್ಟಿನಲ್ಲಿಯೂ ಒಬ್ಬನೇ ಮನುಷ್ಯನ ಕೈ! ಕಾದಂಬರಿಕಾರರು ಹೀಗೆ ಬರೆದರೆ ಓದುಗರು ನಂಬಲಾರರು.

ಆ ಲೇಖನ ಬಹುಕಾಲ ಕಪಾಟಿನಲ್ಲೇ ಮಲಗಿತ್ತು. ಗಣಕಯಂತ್ರಗಳು ಮನೆಮನೆಗೆ ಬಂದು, ಪ್ರತಿಯೊಂದು ಆಟದ ಪ್ರತಿಯೊಂದು ಅವಕಾಶದ ವಿವರ ಎಲ್ಲರ ಕೈಗೂ ಸಿಕ್ಕುವಂತಾದ ಮೇಲೆ, ಅದೇ ಜಾಡಿನಲ್ಲಿ ನೂರಾರು ತರುಣರು ಲೆಕ್ಕ ಹಾಕಲು ಕುಳಿತರು. ಒಂದು ಓಟಕ್ಕೆ ಸರಾಸರಿ ನಾಲ್ಕು ಗಜಕ್ಕಿಂತ ತುಸು ಹೆಚ್ಚು. ಒಂದು ಎಸೆತಕ್ಕೆ, ಗುರಿ ತಪ್ಪಿದವುಗಳನ್ನೂ ಲೆಕ್ಕಕ್ಕೆ ಹಿಡಿದು, ಏಳು ಗಜದ ಆಸುಪಾಸು. ಇದರ ಜೊತೆಗೆ ಹಳೆಯದೊಂದು ನಂಬಿಕೆಯೂ ಕುಸಿದುಬಿತ್ತು. ‘ಹೆಚ್ಚು ಸಲ ಓಡುವ ತಂಡವೇ ಗೆಲ್ಲುತ್ತದೆ’ ಎಂದು ತರಬೇತುದಾರರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರು. ಅಂಕಿಗಳೂ ಹಾಗೆಯೇ ಹೇಳುತ್ತಿದ್ದವು. ಆದರೆ ಕಾರ್ಯ ಯಾವುದು, ಕಾರಣ ಯಾವುದು? ಮುನ್ನಡೆ ಸಾಧಿಸಿದ ತಂಡ ಕೊನೆಯ ಹೊತ್ತಿನಲ್ಲಿ ಗಡಿಯಾರವನ್ನು ಸವೆಸಲೆಂದು ಓಟಗಾರನ ಕೈಗೆ ಚೆಂಡು ಕೊಡುತ್ತದೆ. ಎಂದರೆ ಓಡಿದ್ದರಿಂದ ಗೆಲ್ಲುವುದಕ್ಕಿಂತ ಹೆಚ್ಚಾಗಿ, ಗೆಲ್ಲುತ್ತಿದ್ದುದರಿಂದ ಓಡುತ್ತಾರೆ. ಸಂತೆ ಮುಗಿಯುವ ಹೊತ್ತಿಗೆ ಗಂಟು ಕಟ್ಟುವವನನ್ನು ಕಂಡು, ಗಂಟು ಕಟ್ಟಿದ್ದರಿಂದಲೇ ಲಾಭವಾಯಿತೆಂದು ತಿಳಿದ ಹಾಗಾಗಿತ್ತು ಆ ನಂಬಿಕೆ.

ಇದಕ್ಕಿಂತಲೂ ಕಠಿಣವಾದ ಪಾಠವನ್ನು ಡೆನ್ವರ್ ತಂಡ ಕಲಿಸಿತು. ಅಲ್ಲಿ ಮೈಕ್ ಶಾನಹನ್ ಮುಖ್ಯ ತರಬೇತುದಾರ; ಅಲೆಕ್ಸ್ ಗಿಬ್ಸ್ ಮುಂಚೂಣಿಯ ಐವರಿಗೆ ಗುರು. 1995ರಲ್ಲಿ, ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್ ಎಂಬ ಏರ್ಪಾಟಿನ ಆರನೆಯ ಸುತ್ತಿನಲ್ಲಿ, ಎಲ್ಲರೂ ಬಿಟ್ಟ ಟೆರೆಲ್ ಡೇವಿಸ್ ಎಂಬಾತನನ್ನು ಅವರು ತಂದರು. 1998ರಲ್ಲಿ ಆತ 2,008 ಗಜ ಓಡಿದ. ಮರುವರ್ಷ ಆತನ ಮೊಣಕಾಲು ಕೆಟ್ಟಿತು. ಆತನ ಜಾಗಕ್ಕೆ ಬಂದ ಒಲ್ಯಾಂಡಿಸ್ ಗ್ಯಾರಿ ಸಾವಿರ ಗಜ ದಾಟಿದ. ಅದರ ಮರುವರ್ಷ, ಹಿಂದೆ ನೌಕಾಪದಾತಿಯಲ್ಲಿ ಸಿಪಾಯಿಯಾಗಿದ್ದ ಮೈಕ್ ಆಂಡರ್ಸನ್ ಎಂಬ ಹೊಸಬ 1,487 ಗಜ ಓಡಿದ. 2002ರಲ್ಲಿ ಮತ್ತೊಬ್ಬ ಹೊಸಬ, ಮತ್ತೆ ಸಾವಿರ. ಡೇವಿಸ್ ಅಸಾಮಾನ್ಯ ಓಟಗಾರನೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದನ್ನೆಲ್ಲ ನೋಡುತ್ತಿದ್ದ ಉಳಿದ ಒಡೆಯರು, ಸಂದಿಯನ್ನು ತೆರೆಯುವವರು ಬಲ್ಲವರಾಗಿದ್ದರೆ ಅದರಲ್ಲಿ ನುಗ್ಗುವವನು ಯಾರಾದರೇನು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ಆ ಗಂಟು ಈಗಲೂ ಪೂರ್ತಿ ಬಿಚ್ಚಿಲ್ಲ. 2013ರ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ಓಟಗಾರನನ್ನೂ ಯಾರೂ ಆರಿಸಲಿಲ್ಲ. 1963ರಿಂದೀಚೆಗೆ ಹಾಗಾದದ್ದು ಅದೇ ಮೊದಲು. 2014ರಲ್ಲಿಯೂ ಹಾಗೆಯೇ ಆಯಿತು.

ಇನ್ನು ಸಂಬಳದ ಮಾತು. ಈ ಭಾಗ ಸ್ವಲ್ಪ ಜಟಿಲವಾದರೂ ನೋವಿನ ಮೂಲ ಇಲ್ಲಿಯೇ ಇರುವುದರಿಂದ ವಾಚಕರು ಸಹಿಸಿಕೊಳ್ಳಬೇಕು. ಪ್ರೌಢಶಾಲೆ ಮುಗಿಸಿ ಮೂರು ವರ್ಷ ಕಳೆಯುವವರೆಗೆ ಯಾವ ಹುಡುಗನೂ ಈ ವೃತ್ತಿಗೆ ಕಾಲಿಡುವಂತಿಲ್ಲ. ಆ ಮೂರು ವರ್ಷ ಆತ ಕಾಲೇಜಿಗಾಗಿ ಓಡುತ್ತಾನೆ. 2021ರವರೆಗೆ ತನ್ನ ಹೆಸರಿನಿಂದ ಬಿಡಿಗಾಸು ಸಂಪಾದಿಸಲೂ ಅಲ್ಲಿ ಅನುಮತಿಯಿರಲಿಲ್ಲ. ವೃತ್ತಿಗೆ ಬಂದ ಮೇಲೆ, 2011ರ ಒಡಂಬಡಿಕೆಯಂತೆ, ಮೊದಲ ನಾಲ್ಕು ವರ್ಷದ ಸಂಬಳ ಆಯ್ಕೆಯ ಸರದಿಗೆ ತಕ್ಕಂತೆ ಮೊದಲೇ ನಿಗದಿಯಾಗಿರುತ್ತದೆ. ಮೂರು ವರ್ಷ ಕಳೆಯುವ ತನಕ ಆ ಕರಾರನ್ನು ತಿದ್ದುವಂತೆ ಕೇಳುವ ಹಾಗೂ ಇಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಾದರೆ ಐದನೆಯ ವರ್ಷವನ್ನೂ ತಂಡ ತನ್ನ ಇಚ್ಛೆಯಂತೆ ಸೇರಿಸಿಕೊಳ್ಳಬಹುದು. ಅದೂ ಮುಗಿಯಿತೆನ್ನಿ, ಆಗ ಫ್ರಾಂಚೈಸ್ ಟ್ಯಾಗ್ ಎಂಬ ಇನ್ನೊಂದು ಹಗ್ಗವಿದೆ. ತಂಡವು ಒಬ್ಬ ಆಟಗಾರನಿಗೆ ಆ ಚೀಟಿ ಅಂಟಿಸಿತೆಂದರೆ, ನಿಗದಿಯಾದ ಒಂದು ವರ್ಷದ ಸಂಬಳಕ್ಕೆ ಆತ ಅಲ್ಲಿಯೇ ದುಡಿಯಬೇಕು, ಇಲ್ಲವೇ ಮನೆಯಲ್ಲಿ ಕೂಡಬೇಕು.

ಕ್ವಾರ್ಟರ್‌ಬ್ಯಾಕ್ ಮೂವತ್ತೈದರವರೆಗೂ, ಕೆಲವೊಮ್ಮೆ ನಲವತ್ತರವರೆಗೂ ಆಡಬಲ್ಲ. ಆತನಿಗೆ ಈ ಹಗ್ಗ ಅಷ್ಟಾಗಿ ಬಿಗಿಯದು. ಓಟಗಾರನ ಉತ್ತಮ ವರ್ಷಗಳಾದರೋ ಇಪ್ಪತ್ತೆರಡರಿಂದ ಇಪ್ಪತ್ತಾರರವರೆಗೆ. ಅವು ಈ ಕರಾರುಗಳೊಳಗೇ ಅಗ್ಗದಲ್ಲಿ ಕಳೆದುಹೋಗುತ್ತವೆ. ದನದ ಜಾತ್ರೆಯಲ್ಲಿ ದಲ್ಲಾಳಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುವಂತೆ, ಬಿಡುಗಡೆಯಾಗಿ ಮಾರುಕಟ್ಟೆಗೆ ಬಂದ ಓಟಗಾರನ ವಯಸ್ಸನ್ನೂ ಆತ ತಿಂದ ಪೆಟ್ಟುಗಳ ಸಂಖ್ಯೆಯನ್ನೂ ಎಣಿಸುತ್ತಾರೆ. ಬಾಯಿಗೂಡಿದ ಎತ್ತು ಎಷ್ಟು ಉತ್ತಿತ್ತೆಂಬುದು ಅಲ್ಲಿ ಯಾರಿಗೆ ಬೇಕು?

ಅಂಕಿಗಳನ್ನೇ ನೋಡಬಹುದು. 2017ರಲ್ಲಿ ಒಂದು ತಂಡ ಆಟಗಾರರೆಲ್ಲರ ಮೇಲೆ ಒಟ್ಟು ವ್ಯಯಿಸಬಹುದಾಗಿದ್ದ ಮಿತಿ 16 ಕೋಟಿ 70 ಲಕ್ಷ ಡಾಲರು. ಓಟಗಾರನ ಟ್ಯಾಗಿನ ಸಂಬಳ ಆಗ 1 ಕೋಟಿ 21 ಲಕ್ಷ. 2023ಕ್ಕೆ ಮಿತಿ 22 ಕೋಟಿ 48 ಲಕ್ಷಕ್ಕೆ ಏರಿತು. ಓಟಗಾರನ ಟ್ಯಾಗ್ 1 ಕೋಟಿ 91 ಸಾವಿರಕ್ಕೆ ಇಳಿಯಿತು. ಅದೇ ವರ್ಷ ಕ್ವಾರ್ಟರ್‌ಬ್ಯಾಕಿನ ಟ್ಯಾಗ್ 3 ಕೋಟಿ 24 ಲಕ್ಷ. ಚೆಂಡನ್ನು ಒದೆಯುವುದಕ್ಕೆಂದೇ ಇರುವವರನ್ನು ಬಿಟ್ಟರೆ ಆ ಪಟ್ಟಿಯ ತಳದಲ್ಲಿದ್ದವನು ಓಟಗಾರನೇ. ಕೋಟಿ ಡಾಲರು ಗಳಿಸುವವರಿಗಾಗಿ ಮರುಗುವುದೇ ಎಂದು ಯಾರಾದರೂ ಕೇಳಬಹುದು, ಕೇಳತಕ್ಕದ್ದೇ. ಆದರೆ ಮನೆಯ ಉಳಿದ ಮಕ್ಕಳೆಲ್ಲರ ಪಾಲು ಏರುತ್ತಿರುವಾಗ ಒಬ್ಬನ ಪಾಲು ಮಾತ್ರ ಇಳಿಯುತ್ತಿದ್ದರೆ, ಮನೆ ಶ್ರೀಮಂತರದೆಂಬ ಕಾರಣಕ್ಕೆ ಆ ಪ್ರಶ್ನೆ ಮುಗಿದಂತಾಗುವುದಿಲ್ಲ.

ಈ ಹಗ್ಗವನ್ನು ಹರಿಯಲು ಹೊರಟವರೂ ಇದ್ದರು. 1993ರಲ್ಲಿ ಡಲ್ಲಸ್ ತಂಡದ ಎಮಿಟ್ ಸ್ಮಿತ್ ಹೆಚ್ಚಿನ ಸಂಬಳ ಕೇಳಿ ಮನೆಯಲ್ಲಿ ಕುಳಿತಾಗ, ತಂಡ ಮೊದಲ ಎರಡು ಆಟಗಳನ್ನೂ ಸೋತಿತು; ಒಡೆಯ ಓಡೋಡಿ ಬಂದು ರುಜು ಹಾಕಿದ; ಆ ವರ್ಷ ತಂಡ ಸೂಪರ್ ಬೌಲನ್ನೇ ಗೆದ್ದಿತು. ಇಪ್ಪತ್ತೈದು ವರ್ಷಗಳ ಮೇಲೆ, 2018ರಲ್ಲಿ, ಪಿಟ್ಸ್‌ಬರ್ಗ್ ತಂಡದ ಲೆವಿಯಾನ್ ಬೆಲ್ ಅದೇ ದಾರಿ ಹಿಡಿದ. 1 ಕೋಟಿ 45 ಲಕ್ಷ ಡಾಲರಿನ ಟ್ಯಾಗನ್ನು ಒಲ್ಲೆನೆಂದು ಇಡೀ ಋತು ಹೊರಗುಳಿದ. ಈ ಸಲ ಯಾರೂ ಓಡೋಡಿ ಬರಲಿಲ್ಲ. ಕಾಲೇಜಿನಲ್ಲಿದ್ದಾಗ ಅರ್ಬುದ ರೋಗವನ್ನು ಗೆದ್ದು ಬಂದಿದ್ದ ಜೇಮ್ಸ್ ಕಾನರ್ ಎಂಬ ತರುಣ ಆತನ ಜಾಗದಲ್ಲಿ ಓಡಿದ, ಚೆನ್ನಾಗಿಯೇ ಓಡಿದ. ವರ್ಷದ ಶ್ರೇಷ್ಠರ ಪಂದ್ಯಕ್ಕೂ ಆಯ್ಕೆಯಾದ. ಬೆಲ್ ಇನ್ನು ಬರುವುದಿಲ್ಲವೆಂದು ಖಚಿತವಾದ ಮರುದಿನ ಆತನ ಕಪಾಟಿನಲ್ಲಿದ್ದ ಬೂಟುಗಳನ್ನು ಸಹ ಆಟಗಾರರು ನಗುನಗುತ್ತ ಹಂಚಿಕೊಂಡರು. ತಮಾಷೆಯೇ ಇರಬಹುದು, ಆದರೂ ಆ ದೃಶ್ಯ ಕಣ್ಣಿಗೆ ಕಟ್ಟಿದರೆ ಅಷ್ಟು ಹಗುರವಾಗಿ ಮರೆಯುವಂಥದಲ್ಲ.

ಕೇಳಿದ್ದನ್ನು ಪಡೆದವರ ಗತಿಯೂ ಒಡೆಯರ ಕೈಯನ್ನೇ ಬಲಪಡಿಸಿತೆಂಬುದು ಈ ವ್ಯವಹಾರದ ವ್ಯಂಗ್ಯ. 2018ರಲ್ಲಿ ಲಾಸ್ ಏಂಜಲೀಸ್ ತಂಡ ಟಾಡ್ ಗರ್ಲಿಗೆ 4 ಕೋಟಿ 50 ಲಕ್ಷ ಡಾಲರಿನ ಖಾತರಿ ಕೊಟ್ಟು ಕರಾರು ಮಾಡಿಕೊಂಡಿತು. ಮೊಣಕಾಲಿನ ಸಂಧಿವಾತ ಆ ಕರಾರಿಗೆ ಕಾಯಲಿಲ್ಲ. 2020ರ ಮಾರ್ಚಿನಲ್ಲಿ ಆತನನ್ನು ಬಿಟ್ಟುಕೊಟ್ಟರು. ಬೇರೊಂದು ತಂಡದಲ್ಲಿ ಒಂದು ಋತು ಕಳೆದು, ಇಪ್ಪತ್ತಾರನೆಯ ವಯಸ್ಸಿಗೆ ಆತನ ಆಟ ಮುಗಿಯಿತು. 2019ರಲ್ಲಿ ಡಲ್ಲಸ್ ತಂಡ ಎಜೀಕಿಯಲ್ ಎಲಿಯಟ್‌ಗೆ ಆರು ವರ್ಷಕ್ಕೆ 9 ಕೋಟಿ ಡಾಲರಿನ ಕರಾರು ಬರೆದುಕೊಟ್ಟಿತು. 2023ರಲ್ಲಿ, ಆತನಿಗಿನ್ನೂ ಇಪ್ಪತ್ತೇಳು, ಬಾಗಿಲು ತೋರಿಸಿತು.

2023ರ ಜುಲೈ 17ರಂದು ಟ್ಯಾಗಿನ ಆಟಗಾರರಿಗೆ ದೀರ್ಘಾವಧಿಯ ಕರಾರು ಬರೆಯುವ ಗಡುವು ಮುಗಿಯಿತು. ಹಿಂದಿನ ಋತುವಿನಲ್ಲಿ 1,653 ಗಜ ಓಡಿ ಎಲ್ಲರಿಗಿಂತ ಮುಂದಿದ್ದ ಜಾಶ್ ಜೇಕಬ್ಸ್‌ಗೂ ಕರಾರಿಲ್ಲ. ನ್ಯೂಯಾರ್ಕ್ ಜಯಂಟ್ಸಿನ ಸಾಕ್ವಾನ್ ಬಾರ್ಕ್ಲಿಗೂ ಇಲ್ಲ. ಡಲ್ಲಸಿನ ಟೋನಿ ಪೊಲಾರ್ಡ್‌ಗೂ ಇಲ್ಲ. ಆ ವಾರದ ಕೊನೆಯಲ್ಲಿ ಆಸ್ಟಿನ್ ಎಕಲರ್ ಎಂಬ ಓಟಗಾರ ತನ್ನ ವೃತ್ತಿಬಾಂಧವರನ್ನೆಲ್ಲ ದೂರಸಂಪರ್ಕದ ಪರದೆಯ ಮೇಲೆ ಒಂದೆಡೆ ಕೂಡಿಸಿದ. ಮೈದಾನದಲ್ಲಿ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾದವರು ಅಂದು ಕಷ್ಟಸುಖ ಹೇಳಿಕೊಂಡರು. ಏನು ನಿರ್ಧಾರವಾಯಿತು? ಏನೂ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ. ತಂಡದ ಒಟ್ಟು ವೆಚ್ಚಕ್ಕೆ ಮಿತಿಯಿರುವಾಗ ಓಟಗಾರನ ಸಂಬಳಕ್ಕೆ ಸೇರುವ ಪ್ರತಿಯೊಂದು ಡಾಲರೂ ಆತನಿಗೆ ಸಂದಿ ತೆರೆದುಕೊಡುವ ಮುಂಚೂಣಿಯವನ ಜೇಬಿನಿಂದಲೋ ಚೆಂಡು ಹಿಡಿಯುವವನ ಜೇಬಿನಿಂದಲೋ ಬರಬೇಕು. ಆಟಗಾರರ ಸಂಘ ಎಲ್ಲರದು. ಒಂದು ಕೈಗೆ ಕೊಡಲು ತನ್ನದೇ ಇನ್ನೊಂದು ಕೈಯಿಂದ ಕಸಿಯಬೇಕಾದ ಸಂಘ ಯಾವ ಮುಷ್ಕರ ಹೂಡೀತು?

ಆ ಕೂಟದಲ್ಲಿದ್ದ ಕ್ಲೀವ್‌ಲ್ಯಾಂಡಿನ ನಿಕ್ ಚಬ್ ಮಿತಭಾಷಿ. ಹೆಚ್ಚಿಗೆ ಮಾತನಾಡುವವನೇ ಅಲ್ಲ. ಮರುದಿನ ಪತ್ರಕರ್ತರಿಗೆ ಆತ ಹೇಳಿದ್ದರ ತಾತ್ಪರ್ಯವಿಷ್ಟು: ಹೆಚ್ಚು ದುಡಿದಷ್ಟೂ ಓಟಗಾರನಿಗೆ ನಷ್ಟವೇ, ಎರಡು ಸಾವಿರ ಗಜ ಓಡಿ ತೋರಿಸಿದರೆ, ಮುಂದಿನ ವರ್ಷ ಇವನು ಸವೆದಿದ್ದಾನೆ ಎನ್ನುತ್ತಾರೆ. ಬೇರೆ ಯಾವ ಕಸುಬಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದೇ ಕೆಲಸಗಾರನ ವಿರುದ್ಧ ಸಾಕ್ಷಿಯಾಗುತ್ತದೆ? ಈ ಮಾತಿಗೆ ಎರಡು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 18ರ ರಾತ್ರಿ, ಪಿಟ್ಸ್‌ಬರ್ಗಿನಲ್ಲಿ ನಡೆದ ಋತುವಿನ ಎರಡನೆಯ ಆಟದಲ್ಲಿಯೇ ಚಬ್‌ನ ಎಡ ಮೊಣಕಾಲು ಮುರಿಯಿತು. ಎಲ್ಲವನ್ನೂ ಹತ್ತು ಕೋನಗಳಿಂದ ಮತ್ತೆ ಮತ್ತೆ ತೋರಿಸುವ ದೂರದರ್ಶನದವರೂ ಆ ದೃಶ್ಯವನ್ನು ಮರಳಿ ತೋರಿಸಲು ಹಿಂದೆಗೆದರು. ಎದುರಾಳಿ ತಂಡದ ಅಭಿಮಾನಿಗಳಿಂದಲೇ ತುಂಬಿದ್ದ ಕ್ರೀಡಾಂಗಣ ಆತನ ಹೆಸರನ್ನು ಕೂಗಿ ಬೀಳ್ಕೊಟ್ಟಿತು. ಮರುವರ್ಷ ಆತನ ಕರಾರನ್ನು ಬಹಳಷ್ಟು ತಗ್ಗಿಸಿ ಬರೆದರು. 2024ರ ಅಕ್ಟೋಬರಿನಲ್ಲಿ ಮೈದಾನಕ್ಕೆ ಮರಳಿದ. ಡಿಸೆಂಬರಿನಲ್ಲಿ ಪಾದದ ಮೂಳೆ ಮುರಿಯಿತು.

ಒಡೆಯರ ಲೆಕ್ಕ ತಪ್ಪೆಂದು ಹೇಳುವುದು ಕಷ್ಟ. ಲೆಕ್ಕ ಸರಿಯಾಗಿಯೇ ಇದೆ, ಅದೇ ತೊಂದರೆ. ಆದರೆ ಅದರಲ್ಲಿ ಒಂದು ಮಾತು ಅಡಗಿದೆ. ಓಟಗಾರನ ದೇಹ ಬೇಗ ಸವೆಯುತ್ತದೆಂಬುದನ್ನು ಆತನಿಗೆ ಕಡಿಮೆ ಕೊಡಲು ಕಾರಣವಾಗಿ ಹಿಡಿಯುತ್ತಾರೆ. ಸವೆಯುವುದಕ್ಕೆ ಮುಂಚಿನ ವರ್ಷಗಳಲ್ಲಿ ಹೆಚ್ಚು ಕೊಡಲು ಅದನ್ನೇ ಕಾರಣವಾಗಿ ಹಿಡಿಯುವುದಿಲ್ಲ. ಹೂಸ್ಟನ್ನಿನ ಅರ್ಲ್ ಕ್ಯಾಂಬೆಲ್ 1980ರಲ್ಲಿ 1,934 ಗಜ ಓಡಿದವನು. ತಡೆಯಲು ಬಂದವರನ್ನು ತಲೆಯಿಂದ ಗುದ್ದಿ ಉರುಳಿಸಿಯೇ ಸಾಗುತ್ತಿದ್ದ. ಆಟ ಬಿಟ್ಟ ಮೇಲೆ ನಡುವಯಸ್ಸಿನಲ್ಲಿಯೇ ಆತನಿಗೆ ಊರುಗೋಲು ಬೇಕಾಯಿತು, ಆಮೇಲೆ ಗಾಲಿಕುರ್ಚಿ. ಆ ಗಜಗಳ ಖರ್ಚನ್ನು ಯಾವ ತಂಡದ ಖಾತೆಯಲ್ಲಿಯೂ ಬರೆದಿಲ್ಲ.

ಇನ್ನು ಬಾರ್ಕ್ಲಿಯ ಸಂಗತಿ. 2018ರಲ್ಲಿ ಜಯಂಟ್ಸ್ ತಂಡ ಆತನನ್ನು ಡ್ರಾಫ್ಟಿನ ಎರಡನೆಯ ಆಯ್ಕೆಯಾಗಿ ತಂದಾಗಲೇ ಲೆಕ್ಕಿಗರು ತಲೆಯಾಡಿಸಿದ್ದರು. ಮೊದಲ ವರ್ಷ ಓಟ ಮತ್ತು ಹಿಡಿತ ಸೇರಿ 2,028 ಗಜ. 2020ರಲ್ಲಿ ಮೊಣಕಾಲಿನ ಗಾಯ. 2022ರಲ್ಲಿ ಮತ್ತೆ ಚೇತರಿಕೆ. 2023ರಲ್ಲಿ ದುರ್ಬಲ ಮುಂಚೂಣಿಯ ಹಿಂದೆ 962 ಗಜ. 2024ರ ಮಾರ್ಚಿನಲ್ಲಿ ತಂಡ ಆತನನ್ನು ಬಿಟ್ಟಿತು. ಬಿಡುವ ಮುನ್ನ ಒಡೆಯ ಜಾನ್ ಮಾರಾ, ಪೋಲೊ ಗ್ರೌಂಡ್ಸಿನಲ್ಲಿ ಸಾಲ ತೀರಿಸಿಕೊಂಡ ಆ ಟಿಮ್ ಮಾರಾನ ಮೊಮ್ಮಗ, ಸಾಕ್ವಾನ್ ಫಿಲಡೆಲ್ಫಿಯಾಕ್ಕೇನಾದರೂ ಹೋದರೆ ತನಗೆ ನಿದ್ರೆ ಬರುವುದು ಕಷ್ಟವೆಂದು ತನ್ನ ವ್ಯವಸ್ಥಾಪಕನಿಗೆ ಹೇಳಿದ. ತಂಡದ ಒಳಗಿನ ಕಲಾಪಗಳನ್ನು ಚಿತ್ರೀಕರಿಸುತ್ತಿದ್ದ ಕ್ಯಾಮೆರಾ ಈ ಮಾತನ್ನೂ ಹಿಡಿಯಿತು; ದೇಶವೆಲ್ಲ ನೋಡಿತು. ಬಾರ್ಕ್ಲಿ ಹೋದದ್ದು ಫಿಲಡೆಲ್ಫಿಯಾಕ್ಕೇ.

ಅಲ್ಲಿನ ಮುಂಚೂಣಿ ಲೀಗಿನಲ್ಲೇ ಬಲಿಷ್ಠವೆನಿಸಿತ್ತು. ಅದರ ಎಡಗಡೆಯ ಕಂಬ ಜಾರ್ಡನ್ ಮೈಲಾಟ ಆಸ್ಟ್ರೇಲಿಯದವನು. 2018ಕ್ಕೆ ಮೊದಲು ಈ ಆಟವನ್ನು ಆಡಿಯೇ ಇರದ ರಗ್ಬಿ ಆಟಗಾರ. ಅವರ ಹಿಂದೆ ಓಡಿದ ಬಾರ್ಕ್ಲಿ 16 ಆಟಗಳಲ್ಲಿ 2,005 ಗಜ ಗಳಿಸಿದ. ನವೆಂಬರಿನ ಒಂದು ಆಟದಲ್ಲಿ, ಎದುರಾಳಿಯೊಬ್ಬ ಕಾಲಿಗೆ ಬೀಳಲು ಬಂದಾಗ, ಬೆನ್ನು ತಿರುಗಿಸಿಕೊಂಡೇ ಹಿಮ್ಮುಖವಾಗಿ ಹಾರಿ ಆತನನ್ನು ದಾಟಿದ. ಕಂಡವರು ಕಣ್ಣುಜ್ಜಿಕೊಂಡರು. ಹಳೆಯ ತಂಡವನ್ನು ಅದರ ಅಂಗಳದಲ್ಲಿಯೇ ಎದುರಿಸಿದಾಗ 17 ಓಟಗಳಲ್ಲಿ 176 ಗಜ. ಆ ವರ್ಷ ಜಯಂಟ್ಸ್ ಮೂರು ಗೆದ್ದು ಹದಿನಾಲ್ಕು ಸೋತಿತು. ಎರಿಕ್ ಡಿಕರ್ಸನ್ 1984ರಲ್ಲಿ ಸ್ಥಾಪಿಸಿದ 2,105 ಗಜಗಳ ದಾಖಲೆಯನ್ನು ಮುರಿಯಲು 101 ಗಜ ಬಾಕಿ. ಉಳಿದಿದ್ದ ಕೊನೆಯ ಆಟವೂ ಜಯಂಟ್ಸಿನ ವಿರುದ್ಧವೇ. ಆದರೆ ಮುಂದಿನ ನಿರ್ಣಾಯಕ ಪಂದ್ಯಗಳಿಗಾಗಿ ತರಬೇತುದಾರ ಆತನಿಗೆ ಅಂದು ವಿಶ್ರಾಂತಿ ಕೊಟ್ಟ.

ಇದರಿಂದ ಸಿದ್ಧವಾದದ್ದೇನು? ಓಟಗಾರನಿಗೆ ಬೆಲೆಯಿದೆ ಎಂದು ಒಂದು ಪಕ್ಷ. ಅದೇ ಮನುಷ್ಯ 962ರಿಂದ 2,005ಕ್ಕೆ ಜಿಗಿದದ್ದು ಮುಂಚೂಣಿಯವರಿಂದಲೇ ಅಲ್ಲವೇ ಎಂದು ಇನ್ನೊಂದು ಪಕ್ಷ. ಒಂದೇ ಸಾಕ್ಷ್ಯವನ್ನು ಎರಡೂ ಕಡೆಯ ವಕೀಲರು ಹಾಜರುಪಡಿಸುವ ವಿಚಿತ್ರ ಮೊಕದ್ದಮೆ ಇದು. 2025ರ ಫೆಬ್ರವರಿ 9ರಂದು ಸೂಪರ್ ಬೌಲ್ ನಡೆಯಿತು. ಅಂದು ಬಾರ್ಕ್ಲಿಯ ಇಪ್ಪತ್ತೆಂಟನೆಯ ಹುಟ್ಟುಹಬ್ಬ. ಎದುರಾಳಿ ಕ್ಯಾನ್ಸಸ್ ಸಿಟಿಯವರು ಬೇರೆಲ್ಲವನ್ನೂ ಬಿಟ್ಟು ಆತನನ್ನು ಕಟ್ಟಿಹಾಕಲೆಂದೇ ಕಿಕ್ಕಿರಿದು ನಿಂತರು. 25 ಸಲ ಚೆಂಡು ಹೊತ್ತು ಆತ ಗಳಿಸಿದ್ದು 57 ಗಜ ಮಾತ್ರ. ಹಾಗೆ ಅವರೆಲ್ಲ ಆತನತ್ತ ಕಣ್ಣಿಟ್ಟಿದ್ದಾಗ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಆರಾಮವಾಗಿ ಚೆಂಡೆಸೆದು, ತಂಡವನ್ನು 40-22ರಿಂದ ಗೆಲ್ಲಿಸಿ, ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನೂ ಪಡೆದ. ಬಾರ್ಕ್ಲಿಯ ಹೆಸರಿನ ಮುಂದೆ ಓಟದ ಅಂಕಿಪಟ್ಟಿಯಲ್ಲಿ ಉಳಿದದ್ದು ಆ 57 ಗಜವೇ. ಆತನ ಭಯದಿಂದ ತೆರವಾದ ನೆಲವನ್ನು ಅಳೆಯಲು ಅಲ್ಲಿ ಅಂಕಣವಿಲ್ಲ.

ಮರುತಿಂಗಳು ಫಿಲಡೆಲ್ಫಿಯಾದವರು ಆತನೊಂದಿಗೆ ಎರಡು ವರ್ಷಕ್ಕೆ 4 ಕೋಟಿ 12 ಲಕ್ಷ ಡಾಲರಿನ ಹೊಸ ಕರಾರು ಬರೆದರು. ವರ್ಷಕ್ಕೆ ಎರಡು ಕೋಟಿ ಡಾಲರು ದಾಟಿದ ಮೊದಲ ಓಟಗಾರ ಆತನೇ. ಅಷ್ಟು ಹೊತ್ತಿಗೆ ಒಬ್ಬ ಕ್ವಾರ್ಟರ್‌ಬ್ಯಾಕ್ ವರ್ಷಕ್ಕೆ ಆರು ಕೋಟಿಯ ಕರಾರಿಗೆ ರುಜು ಹಾಕಿ ಆರು ತಿಂಗಳು ಕಳೆದಿದ್ದವು. 2025ರ ಋತುವಿನಲ್ಲಿ ಮುಂಚೂಣಿಯವರು ಗಾಯಗಳಿಂದ ನರಳಿದರು. ಬಾರ್ಕ್ಲಿ ಹಿಂದಿನ ವರ್ಷದ ಎತ್ತರದ ಹತ್ತಿರಕ್ಕೂ ಬರಲಿಲ್ಲ.

ಎಸೆತವನ್ನು ತಡೆಯಲೆಂದು ರಕ್ಷಕರು ಹಗುರ ಮೈಯವರಾಗಿ, ದೂರ ದೂರ ನಿಲ್ಲುವುದನ್ನು ರೂಢಿಸಿಕೊಂಡದ್ದರಿಂದ ಓಟಕ್ಕೆ ಈಚೆಗೆ ಮತ್ತೆ ದಾರಿ ತೆರೆದಿದೆ ಎಂದು ಬಲ್ಲವರ ಮತ. 2024ರಲ್ಲಿ ಮೂವತ್ತು ವಯಸ್ಸಿನ ಡೆರಿಕ್ ಹೆನ್ರಿ 1,921 ಗಜ ಓಡಿ ಹಲ್ಲೆಣಿಸುವ ದಲ್ಲಾಳಿಗಳನ್ನು ಬೆಪ್ಪಾಗಿಸಿದ. ಅದೇ ವರ್ಷ ಐಡಹೊ ರಾಜ್ಯದ ಬಾಯ್ಸಿಯ ಕಾಲೇಜಿನಲ್ಲಿ ಆಷ್ಟನ್ ಜೆಂಟಿ ಎಂಬ ಹುಡುಗ ಒಂದೇ ಋತುವಿನಲ್ಲಿ 2,601 ಗಜ ಓಡಿದ. 2025ರ ಏಪ್ರಿಲಿನಲ್ಲಿ ಲಾಸ್ ವೇಗಸ್ ತಂಡ ಡ್ರಾಫ್ಟಿನಲ್ಲಿ ಆತನನ್ನು ಆರನೆಯವನಾಗಿ ಆರಿಸಿಕೊಂಡಿತು. ಆಗ ಆತನಿಗೆ ಇಪ್ಪತ್ತೊಂದು ವರ್ಷ. ಕರಾರು ನಾಲ್ಕು ವರ್ಷದ್ದು. ಐದನೆಯ ವರ್ಷ ತಂಡದ ಇಚ್ಛೆಗೆ ಸೇರಿದ್ದು.